ಸಹಾಯ ಬೇಕು: ಫೋಟೋನೂ ಕಾಣ್ಬೇಕು, ಅಕ್ಷರನೂ ಕಾಣ್ಬೇಕು, ಏನ್ ಮಾಡ್ಲಿ?

ಎಲ್ರಿಗೂ ನಮಸ್ಕಾರ. ಸಕಲೇಶಪುರದ ಹತ್ರ ಒಂದು ಹೋಂಸ್ಟೇಗೆ ಕನ್ನಡದಲ್ಲೇ ವೆಬ್‌ಸೈಟ್ ಮಾಡ್ತಿದೀನಿ. ಓನರ್‌ಗೆ ಫುಲ್ ಸ್ಕ್ರೀನ್ ಮಂಜಿನ ಫೋಟೋ ಬೇಕು, ಅದ್ರ ಮೇಲೆ ತೆಳ್ಳಗೆ ಬಿಳಿ ಅಕ್ಷರ ಬೇಕು, ನೋಡೋಕೇನೋ ಸಖತ್ತಾಗೇ ಇದೆ ಆದ್ರೆ ಬಿಸಿಲಲ್ಲಿ ಮೊಬೈಲ್ ಹಿಡಿದ್ರೆ ಮಂಜು ಯಾವ್ದು ಅಕ್ಷರ ಯಾವ್ದು ಗೊತ್ತೇ ಆಗಲ್ಲ. ಡಬ್ಲ್ಯೂಸಿಎಜಿ (ವೆಬ್‌ಸೈಟ್ ಎಲ್ರಿಗೂ ಓದೋಕಾಗ್ಬೇಕು ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ) ಎಎ ಲೆವೆಲ್‌ಗೆ ಮಾಮೂಲಿ ಸೈಜಿನ ಟೆಕ್ಸ್ಟ್‌ಗೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರೋ ಬೆಳಕಿನ ವ್ಯತ್ಯಾಸ) 4.5:1, ದೊಡ್ಡ ಅಕ್ಷರಕ್ಕೆ 3:1 ಆದ್ರೂ ಇರ್ಬೇಕು, ಇದು 2:1 ಕೂಡ ದಾಟ್ತಿಲ್ಲ. ಫೋಟೋ ಮೇಲೆ ಕಪ್ಪು ಓವರ್‌ಲೇ (ಅರೆಪಾರದರ್ಶಕ ಪದರ) ಹಾಕಿ ತೋರ್ಸಿದ್ರೆ "ಮಂಜೇ ಹೋಯ್ತಲ್ಲ ಮಾರಾಯ್ರೆ" ಅಂತಾರೆ, ಅವ್ರು ಹೇಳೋದೂ ಸುಳ್ಳಲ್ಲ ಬಿಡಿ.

ಇನ್ನೊಂದು ತಲೆನೋವು ಹೆಡಿಂಗ್‌ದು. ಥೀಮ್ (ರೆಡಿಮೇಡ್ ಡಿಸೈನ್) ಇಂಗ್ಲಿಷ್‌ಗೆ ಅಂತ ಮಾಡಿರೋದು, ಲೈನ್ ಹೈಟ್ (ಸಾಲಿನ ಎತ್ತರ ಅಕ್ಷರದ ಸೈಜಿನ ಎಷ್ಟು ಪಟ್ಟು ಅನ್ನೋದು) 1.1, ಹಂಗಾಗಿ 'ಪಶ್ಚಿಮ ಘಟ್ಟ'ದ ಒತ್ತಕ್ಷರ ಹೋಗಿ ಕೆಳಗಿನ ಸಾಲಿನ ದೀರ್ಘ, ಗುಡಿಸಿನ ತಲೆಗೆ ತಾಗುತ್ತೆ. 1.6 ಮಾಡಿದ್ರೆ ನೀಟಾಗಿ ಕೂರುತ್ತೆ, ಆದ್ರೆ ರೂಮ್ ಬುಕ್ ಮಾಡೋ ಬಟನ್ ಸ್ಕ್ರಾಲ್ ಮಾಡ್ದೆ ಕಾಣಲ್ಲ.

ಫೋಟೋದ ಕೆಳಭಾಗಕ್ಕೆ ಮಾತ್ರ ಗ್ರೇಡಿಯಂಟ್ (ಮೇಲಕ್ಕೆ ಹೋಗ್ತಾ ಮಾಯವಾಗೋ ಕಪ್ಪು ಛಾಯೆ) ಕೊಡ್ಲಾ, ಇಲ್ಲಾ ಟೆಕ್ಸ್ಟನ್ನೇ ಫೋಟೋ ಕೆಳಗೆ ಇಳಿಸ್ಲಾ? ದಪ್ಪ ಮಾಡಿದ್ರೂ ಒತ್ತು ಮುಚ್ಚಿಹೋಗದೇ ಇರೋ ಕನ್ನಡ ಫಾಂಟ್ ಯಾವ್ದು? ನೋಟೋ ಸ್ಯಾನ್ಸ್, ಬಾಲೂ ತಮ್ಮ ಎರಡೂ ನೋಡಿದೀನಿ, ಬಾಲೂ ಹೋಂಸ್ಟೇಗೆ ಸ್ವಲ್ಪ ಮಕ್ಕಳಾಟ ಅನ್ಸುತ್ತೆ. ಮಾಡಿರೋರು ಸ್ಕ್ರೀನ್‌ಶಾಟ್ ಹಾಕಿ ಪ್ಲೀಸ್.