ಐಲಾ ವಿಸ್ಕಿ ಉತ್ಸವ: ಅಲ್ಲಿ ಮೆಚ್ಚಿದ್ದು ಮನೆಯಲ್ಲೂ ರುಚಿಸುತ್ತದಾ?

ಎಡಿನ್‌ಬರೋ ಕನ್ನಡಿಗ:
ಸ್ಕಾಟ್ಲೆಂಡ್‌ನ ಐಲಾ ದ್ವೀಪದಲ್ಲಿ ಮೇ ಕೊನೆಗೆ ನಡೆಯುವ ಫೇಶ್ ಈಲ ಉತ್ಸವಕ್ಕೆ ಹೋಗಿ ಬಂದೆ. ದಿನಕ್ಕೊಂದು ಡಿಸ್ಟಿಲರಿಯ ಸರದಿ. ಅಂಗಳದಲ್ಲೇ ಹಾಡು, ಊಟ, ವಿಸ್ಕಿ. ಐಲಾ ಹೆಸರಾಗಿರುವುದು ಹೊಗೆ ವಾಸನೆಯ ವಿಸ್ಕಿಗೆ. ಜೌಗು ನೆಲದಿಂದ ಕಡಿದ ಪೀಟ್ (ಅರೆಕೊಳೆತ ಗಿಡಗಳ ಮಣ್ಣು) ಉರಿಸಿ ಬಾರ್ಲಿ ಒಣಗಿಸುತ್ತಾರೆ, ಆ ಹೊಗೆ ಬಾಟಲಿವರೆಗೂ ಬರುತ್ತದೆ. ಆದರೆ ನನಗೆ ಹಿಡಿಸಿದ್ದು ಬುನ್ನಹಾವನ್ ಡಿಸ್ಟಿಲರಿಯ 12 ವರ್ಷದ ವಿಸ್ಕಿ. ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ಮೂಗಿಗೆ ಒಣದ್ರಾಕ್ಷಿ, ನುಂಗಿದ ಮೇಲೆ ನಾಲಿಗೆ ತುದಿಯಲ್ಲಿ ಚೂರು ಉಪ್ಪು. ಅಂಗಡಿಯಲ್ಲಾಗಿದ್ದರೆ ಇದರ ಕಡೆ ಕೈಯೇ ಹೋಗುತ್ತಿರಲಿಲ್ಲ. ಇಷ್ಟದ್ದು ಹುಡುಕೋಕೆ ಉತ್ಸವಕ್ಕಿಂತ ಒಳ್ಳೆ ಜಾಗ ಇಲ್ಲ.

ಮಲ್ಲೇಶ್ವರದವ:
ಒಪ್ಪಲ್ಲ ಸರ್. ನಾಲ್ಕೈದು ರುಚಿ ನೋಡುವಷ್ಟರಲ್ಲಿ ಮೂಗು ಮಂಕಾಗುತ್ತದೆ. ಆಮೇಲೆ ಗೆಲ್ಲುವುದು ಜೋರಾಗಿರುವುದೇ. ಪೀಪಾಯಿಯಿಂದ ನೀರು ಸೇರಿಸದೆ ಬಂದ 55–60% ಆಲ್ಕೋಹಾಲ್ ಇರುವ ವಿಸ್ಕಿಯ ಮುಂದೆ 43% ವಿಸ್ಕಿ ಸಪ್ಪೆ ಅನಿಸುತ್ತದೆ. ಅದು ವಿಸ್ಕಿಯ ತಪ್ಪಲ್ಲ. ಜೊತೆಗೆ ಉತ್ಸವಕ್ಕೆಂದೇ ತರುವ ಬಾಟಲಿಗಳು ಬೇರೆ. ಇವತ್ತು ಬಿಟ್ಟರೆ ಸಿಗಲ್ಲ ಅಂತ ಜನ ಕ್ಯೂ ನಿಂತು ದುಡ್ಡು ಸುರಿಯುತ್ತಾರೆ. ಅದು ಇಷ್ಟ ಅಲ್ಲ, ಅವಸರ.

ಲೀಡ್ಸ್ ಅಕ್ಕ:
ಕುಡಿಯುತ್ತಾ ಹೋದರೆ ಹಾಗೇ ಆಗುತ್ತದೆ. ನಾನು ಉಗುಳುತ್ತೇನೆ. ಅದರಲ್ಲಿ ನಾಚಿಕೆ ಏನೂ ಇಲ್ಲ. ಮೊದಲು ಮೂಗು, ಆಮೇಲೆ ಪುಟ್ಟ ಗುಟುಕು, ಬಾಯಲ್ಲಿ ಆಡಿಸಿ ಬಕೆಟ್‌ಗೆ. ಮಧ್ಯೆ ನೀರು, ಒಣ ಬಿಸ್ಕತ್ತು. ಕ್ರಮವೂ ಮುಖ್ಯ: ಹೊಗೆ ಇಲ್ಲದ ಬುನ್ನಹಾವನ್, ಬ್ರೂಕ್‌ಲ್ಯಾಡಿ ಮೊದಲು, ಆಮೇಲೆ ಹೊಗೆಯ ಕುಲ್ ಈಲಾ, ಜೋರು ಹೊಗೆಯ ಆರ್ಡ್‌ಬೆಗ್ ಕೊನೆಗೆ. ಆರ್ಡ್‌ಬೆಗ್‌ನಿಂದ ಶುರು ಮಾಡಿದರೆ ಮುಂದಿನದ್ದೆಲ್ಲ ಬೂದಿ ರುಚಿ.

ಕಾರು ಓಡಿಸುವವರು ತುಟಿಗೂ ತಾಗಿಸಬೇಡಿ. ಇಂಗ್ಲೆಂಡ್‌ನಲ್ಲಿ 100 ಮಿಲಿ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಸ್ಕಾಟ್ಲೆಂಡ್‌ನಲ್ಲಿ 2014ರಿಂದ ಬರೀ 50. ಕೇಳಿದರೆ ಎಷ್ಟೋ ಡಿಸ್ಟಿಲರಿಗಳು ಡ್ರೈವರ್ ಪಾಲನ್ನು ಪುಟ್ಟ ಬಾಟಲಿಗೆ ತುಂಬಿ ಕೊಡುತ್ತವೆ.

ಹಾಸನ ಹುಡುಗ:
ನಾನು ಹೊಸಬ. ಹೊಗೆ ಅಂಶ ಆರ್ಡ್‌ಬೆಗ್‌ಗೆ ಸುಮಾರು 55 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಐಲಾದ್ದೇ ಆದ ಲ್ಯಾಗವೂಲಿನ್‌ಗೆ 35 ಅಂತಾರೆ. ಅದನ್ನೇ ನೋಡಿ ಆರಿಸಬಹುದಾ? ನೀರು ಬೆರೆಸಿದರೆ ಕೆಡುತ್ತದಾ?

ಲೀಡ್ಸ್ ಅಕ್ಕ:
ಆ ಸಂಖ್ಯೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯದ್ದಪ್ಪ, ಬಾಟಲಿಯದ್ದಲ್ಲ. ಬಟ್ಟಿ ಇಳಿಸುವಾಗ ಹೊಗೆ ಅಂಶ ಬಹಳ ಹೋಗುತ್ತದೆ. ಬಟ್ಟಿಯ ಯಾವ ಹಂತದಲ್ಲಿ ಬಂದ ಸ್ಪಿರಿಟ್ ಇಟ್ಟುಕೊಳ್ಳುತ್ತಾರೆ, ಪೀಪಾಯಿಯಲ್ಲಿ ಎಷ್ಟು ವರ್ಷ ಬಿಡುತ್ತಾರೆ ಅನ್ನೋದರ ಮೇಲೆ ಉಳಿದದ್ದು. ನೀರು ಹಿಂಜರಿಯದೆ ಹಾಕು, ಆದರೆ ಹನಿ ಹನಿಯಾಗಿ. ಹೊಗೆ ವಾಸನೆ ಕೊಡುವ ಗ್ವಾಯಕಾಲ್ ಅಂಶ ನೀರು ಬೆರೆತಾಗ ಮೇಲ್ಪದರಕ್ಕೆ ಬರುತ್ತದೆ ಅಂತ 2017ರಲ್ಲಿ ಸ್ವೀಡನ್‌ನ ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದರು.

ಮಲ್ಲೇಶ್ವರದವ:
ಅಕ್ಕನ ಕ್ರಮ ಸರಿ. ಆದರೂ ಹೆಸರಿನ ಮೋಹ ಬಿಡಲ್ಲ. ಲ್ಯಾಗವೂಲಿನ್ ಅಂಗಳದಲ್ಲಿ ಸಮುದ್ರ ನೋಡುತ್ತಾ ನಿಂತರೆ ಯಾರಿಗೆ ತಾನೇ ಚೆನ್ನಾಗಿಲ್ಲ ಅನಿಸುತ್ತದೆ? ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ ವಿಸ್ಕಿ ಪಕ್ಕದಲ್ಲಿಟ್ಟು, ಲೇಬಲ್ ಮುಚ್ಚಿ ಕುಡಿದು ನೋಡಿ. ಸ್ಕಾಟ್ಲೆಂಡ್‌ನ ಹೊಗೆ ಬಾರ್ಲಿ, ನಮ್ಮ ದೇಶದ ಬಾರ್ಲಿ ಎರಡೂ ಅದರಲ್ಲಿವೆ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ 10–12% ಆರಿಹೋಗುತ್ತದೆ, ಅಲ್ಲಿ ಸುಮಾರು 2%. ಅದೇ ಸೆಕೆಗೆ ಇಲ್ಲಿ ವಿಸ್ಕಿ ಬೇಗ ಮಾಗುತ್ತದೆ. ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ, ಮೊಳಕೆ ಬಾರ್ಲಿಯದ್ದೇ ವಿಸ್ಕಿ) 2004ರಲ್ಲಿ ಮೊದಲು ಮಾರಾಟಕ್ಕೆ ಬಂದಿದ್ದೇ ಗ್ಲಾಸ್ಗೋದಲ್ಲಿ. ಹೆಮ್ಮೆ ಪಡಬೇಕಾದ ವಿಷಯ ಅಲ್ವಾ?

ಎಡಿನ್‌ಬರೋ ಕನ್ನಡಿಗ:
ಖಂಡಿತ. ಆದರೆ ಫ್ಯೂಷನ್ 50%, ಬುನ್ನಹಾವನ್ 46.3%. ನೀವೇ ಹೇಳಿದ ಹಾಗೆ ಜೋರಾದ್ದು ಗೆಲ್ಲಬಾರದು ಅಂದರೆ ಫ್ಯೂಷನ್‌ಗೆ ಚೂರು ನೀರು ಬೆರೆಸಿ ಸಮ ಮಾಡಿಕೊಂಡು ನೋಡಬೇಕು. ಉತ್ಸವದಿಂದ ತಂದ ಡ್ರೈವರ್ ಬಾಟಲಿಗಳ ಮೇಲೆ ಹೆಂಡತಿ ಕೈಯಲ್ಲಿ ಹೆಸರಿನ ಬದಲು ಬರೀ ಅಂಕಿ ಬರೆಸಿ, ಮನೆಯಲ್ಲಿ ಒಂದೊಂದಾಗಿ ನೋಡಿದೆ. ಉತ್ಸವದಲ್ಲಿ ವಾಹ್ ಅನಿಸಿದ್ದ ಎರಡು ಬಿದ್ದುಹೋದವು. ಬುನ್ನಹಾವನ್ ಉಳಿಯಿತು.

ಮಲ್ಲೇಶ್ವರದವ:
ಹಾಗಾದರೆ ನಿಮ್ಮ ಬುನ್ನಹಾವನ್ ಒಪ್ಪಿಕೊಂಡೆ. ಉತ್ಸವದ ಮಾತು ಮಾತ್ರ ಇನ್ನೂ ಒಪ್ಪಿಲ್ಲ. ಕೊನೆಗೆ ಆರಿಸಿದ್ದು ನಿಮ್ಮ ಮನೆ ಮೇಜು.

ಲೀಡ್ಸ್ ಅಕ್ಕ:
ಮೇಜಿನ ಮೇಲೆ ಇಡೋಕೆ ಮೊದಲು ಎಲ್ಲಿಂದಲಾದರೂ ಸಿಗಬೇಕಲ್ಲ! ಹಾಸನದ ತಮ್ಮ, ಹೋಗುವ ಮನಸ್ಸಿದ್ದರೆ ಸ್ಕಾಟ್ಲೆಂಡ್ ದಡದ ಕೆನಾಕ್ರೇಗ್‌ನಿಂದ ಐಲಾಗೆ ಹೊರಡುವ ಫೆರ್ರಿ ಮತ್ತು ಉಳಿಯುವ ಕೋಣೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡು. ಸಣ್ಣ ದ್ವೀಪ, ಹಾಸಿಗೆಗಳು ಕಡಿಮೆ.