ಎಂಟನೇ ತರಗತಿಗೆ ಸಿದ್ದಿಗಳ ಚರಿತ್ರೆ ಹೇಗೆ ಹೇಳಲಿ?

ಸಾಗರದ ಸಮಾಜ ಮೇಷ್ಟ್ರು
ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪೋರ್ಚುಗೀಸರ ಪಾಠದ ನಡುವೆ ಹುಡುಗನೊಬ್ಬ, 'ಸರ್, ಯಲ್ಲಾಪುರದ ಕಡೆ ಆಫ್ರಿಕಾದವರು ಇದ್ದಾರಂತೆ, ಕ್ರಿಕೆಟ್ ಆಡಲು ಬಂದವರೇ?' ಎಂದು ಕೇಳಿದ. ತರಗತಿ ಗೊಳ್ಳೆಂದಿತು. ಎರಡು ಪಿರಿಯಡ್ ಹೊಂದಿಸಿಕೊಳ್ಳಬಲ್ಲೆ. ಆಫ್ರಿಕಾ ಮೂಲದ ಈ ಸಿದ್ದಿ ಸಮುದಾಯದ ತಂಡವೊಂದನ್ನು ಕರೆಸಿ ಡಮಾಮಿ (ಚರ್ಮವಾದ್ಯ) ಕುಣಿತ ಮಾಡಿಸೋಣ ಎಂಬುದು ಮುಖ್ಯ ಶಿಕ್ಷಕರ ಸಲಹೆ. ಅಷ್ಟು ಸಾಕೇ?

ನಿವೃತ್ತ ಉಪನ್ಯಾಸಕ, ಶಿವಮೊಗ್ಗ
ಮಲಿಕ್ ಅಂಬರ್‌ನನ್ನು ಬಿಡಬೇಡಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದವನು ಅಹಮದ್‌ನಗರದ ಆಡಳಿತವನ್ನೇ ಹಿಡಿದು ಜಹಾಂಗೀರನ ಸೇನೆಯನ್ನು ಕಾಡಿದ, 1626ರಲ್ಲಿ ತೀರಿಕೊಂಡ. ಬಿಜಾಪುರದಲ್ಲೂ ಇಖ್ಲಾಸ್ ಖಾನ್ ಎಂಬ ಹಬಶಿ (ಆಫ್ರಿಕಾ ಮೂಲದ) ಮಂತ್ರಿ ಇದ್ದ. ನಕ್ಕವರು ಸುಮ್ಮನಾಗುತ್ತಾರೆ.

ಯಲ್ಲಾಪುರದ ಟೀಚರ್
ಮೇಷ್ಟ್ರೇ, ನಾನು ಸಿದ್ದಿ ಮನೆಯವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ದಯವಿಟ್ಟು ಕುಣಿತದಿಂದ ಶುರು ಮಾಡಬೇಡಿ. ರಾಜ್ಯೋತ್ಸವ ಬಂತೆಂದರೆ ನಮ್ಮವರಿಗೆ ಕರೆ ಬರುತ್ತದೆ, ಸೊಪ್ಪು ಸುತ್ತಿಕೊಳ್ಳಿ, ಮುಖಕ್ಕೆ ಬಣ್ಣ ಬಳಿದುಕೊಳ್ಳಿ ಎಂದು. ನನ್ನ ಅಜ್ಜ ಡಮಾಮಿ ಬಾರಿಸುತ್ತಿದ್ದುದು ಪಂಚೆ ಉಟ್ಟುಕೊಂಡು! ಸೊಪ್ಪು ನೋಡಿದ ಮಕ್ಕಳು ಕಲಿಯುವುದು ಸಿನಿಮಾದ ಆಫ್ರಿಕಾವನ್ನು.

ಕೌದಿಯಿಂದ ಶುರು ಮಾಡಿ. ನಮ್ಮ ಹೆಂಗಸರು ಹಳೆಯ ಸೀರೆ ಹಾಸಿ, ಮೇಲೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫೂಲ' ಇಡಬೇಕು. ಅದಿಲ್ಲದ ಕೌದಿ ಬೆತ್ತಲೆ. ನಿಮ್ಮ ಮಕ್ಕಳು ತಮ್ಮ ಮನೆಯ ಕೌದಿಗಳನ್ನೂ ತಂದು ಪಕ್ಕದಲ್ಲಿ ಹಾಸಲಿ. ಇವರು ಎಲ್ಲಿಂದ ಬಂದರು ಎಂದು ಅವರೇ ಕೇಳುತ್ತಾರೆ. ಆಗ ನಕ್ಷೆ ತೆಗೆಯಿರಿ: ಪೂರ್ವ ಆಫ್ರಿಕಾ, ಗೋವಾ, ಅಲ್ಲಿಂದ ಘಟ್ಟ. 'ಪಾಪ, ಗುಲಾಮರು' ಎಂದು ನಿಲ್ಲಿಸಬೇಡಿ. ಒಡೆಯರ ಕೈ ತಪ್ಪಿಸಿಕೊಂಡು ಕಾಡು ಸೇರಿ ಬದುಕು ಕಟ್ಟಿದವರು ಎಂದು ಒತ್ತಿ ಹೇಳಿ.

ಉಪನ್ಯಾಸಕರೇ, ಅಂಬರನ ಕಥೆ ನನಗೂ ಇಷ್ಟ. ಆದರೆ ಸೇನಾಪತಿಯಾದರೆ ಮಾತ್ರ ಮರ್ಯಾದೆ ಎಂದಾಗಬಾರದು. ನಮ್ಮ ಹಿರಿಯರು ಪರರ ಗದ್ದೆ, ತೋಟಗಳಲ್ಲಿ ದುಡಿದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು, ಇವೂ ಚರಿತ್ರೆಯೇ. ನಮ್ಮಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ, ಅದನ್ನೂ ಸೇರಿಸಿ.

ಅತಿಥಿಯ ಕೂದಲು ಮುಟ್ಟಬಾರದು ಎಂದು ಮಕ್ಕಳಿಗೆ ಮೊದಲೇ ತಿಳಿಸಿ. ಟಿ.ಸಿ.ಎಚ್. (ಶಿಕ್ಷಕರ ತರಬೇತಿ) ಓದುವಾಗ ನನ್ನ ಜಡೆ ಎಳೆದು ನೋಡಿದವರೆಲ್ಲ ನಾಳೆ ಶಿಕ್ಷಕರಾಗಬೇಕಿದ್ದವರು.

ರಂಗಾಸಕ್ತ
ಮೇಷ್ಟ್ರೇ, ಹೆಗ್ಗೋಡು ನಿಮ್ಮ ಪಕ್ಕದಲ್ಲೇ ಇದೆಯಲ್ಲ! ಎಂಬತ್ತರ ದಶಕದಲ್ಲಿ ಅಲ್ಲಿನ ರಂಗಸಂಸ್ಥೆ ನೀನಾಸಂನವರು ಯಲ್ಲಾಪುರ ಕಡೆಯ ಮಂಚಿಕೇರಿಯ ಸಿದ್ದಿಗಳ ಜೊತೆ ನಾಟಕ ಕಟ್ಟಿದ್ದರು. ನಟ ಪ್ರಶಾಂತ್ ಸಿದ್ದಿ ಕಲಿತದ್ದೂ ನೀನಾಸಂನಲ್ಲೇ. ಅವರ ಮುಖ ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ.

ಸಾಗರದ ಸಮಾಜ ಮೇಷ್ಟ್ರು
ಟೀಚರ್, ಕುಣಿತ ಕೈಬಿಡುವಂತೆ ಮುಖ್ಯ ಶಿಕ್ಷಕರಿಗೆ ಹೇಳುತ್ತೇನೆ. ಕೌದಿ ಹೊಲಿಯುವವರೊಬ್ಬರು ಬರಬಹುದೇ? ಗೌರವಧನ ಎಷ್ಟು?

ಯಲ್ಲಾಪುರದ ಟೀಚರ್
ನನ್ನ ಚಿಕ್ಕಮ್ಮನನ್ನು ಕೇಳುತ್ತೇನೆ. ಬೇರೆ ಸಂಪನ್ಮೂಲ ವ್ಯಕ್ತಿಗೆ ಕೊಡುವಷ್ಟೇ ಕೊಡಿ, ಬಸ್ಸಿನ ಖರ್ಚು ಪ್ರತ್ಯೇಕ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಕರೆಯಬೇಡಿ, ಕೂಲಿ ಬಿಟ್ಟು ಬರಲಾಗುವುದಿಲ್ಲ.