ಹೊರಗೆ ಹಾಕಿಸಿಕೊಳ್ಳುವ ವಿದ್ಯೆ

"ದಾಳವೆಂದರೆ ಅದೃಷ್ಟ, ಇಸ್ಪೀಟೆಂದರೆ ಬುದ್ಧಿ. ಆದುದರಿಂದ ನನ್ನಂತಹ ಪಳಗಿದ ಆಟಗಾರನು ಕ್ಯಾಸಿನೊಗೆ ಹೋದಾಗ ದಾಳದ ಮೇಜಿನ ಕಡೆ ತಲೆ ಹಾಕಿಯೂ ಮಲಗಬಾರದು" ಎಂದು ಸೀನ ತೀರ್ಪು ಕೊಟ್ಟನು.

"ನೀನು ಪಳಗಿದವನೆಂದು ನಿನಗೆ ಹೇಳಿದವರು ಯಾರು?" ಎಂದು ಮೇಷ್ಟ್ರು ಕೇಳಿದರು.

"ಕ್ಯಾಸಿನೊದವರೇ ಹೇಳಿದ್ದಾರೆ, ಮೇಷ್ಟ್ರೇ. ಬಂಗಾರದ ಬಣ್ಣದ ಕಾರ್ಡು ಕೊಟ್ಟಿದ್ದಾರೆ. ಗೋವಾದ ಪಣಜಿಯಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತಿದರೆ ಹೆಸರು ಹಿಡಿದು ಸ್ವಾಗತಿಸುತ್ತಾರೆ, ಕುರ್ಚಿ ಎಳೆದು ಕೂರಿಸುತ್ತಾರೆ. ಆಫೀಸಿನ ಕೆಲಸಕ್ಕೆಂದು ಅಮೆರಿಕಕ್ಕೆ ಹೋದವನು ಲಾಸ್ ವೇಗಸ್‌ನಲ್ಲಿ ಉಳಿದುಕೊಂಡಾಗ ಎರಡನೆಯ ರಾತ್ರಿಯಿಂದ ಕೋಣೆಯ ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ."

"ಬಾಡಿಗೆ ಬೇಡವೆಂದರೇ? ಹಾಗಾದರೆ ಫಲಿತಾಂಶ ಪ್ರಕಟವಾಯಿತು. ನೀನು ನಪಾಸು."

ಸೀನನ ಮುಖ ಸಣ್ಣದಾಯಿತು. ನಾಗಪ್ಪನವರಿಗೆ ಮಾತ್ರ ಉಚಿತ ಊಟದ ಪ್ರಸ್ತಾಪ ಬರುವ ಮೊದಲೇ ಮಾತು ಬೇರೆ ಕಡೆ ಹೊರಳಿತಲ್ಲಾ ಎಂಬ ಚಿಂತೆ ಹತ್ತಿತು.

ಮೇಷ್ಟ್ರು ಮುಂದುವರಿಸಿದರು: "ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು, ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟದೆ ಅದರ ಹತ್ತಿರಕ್ಕೆ ಬರಬೇಕಾದ ಬ್ಲ್ಯಾಕ್‌ಜಾಕ್ ಆಟವನ್ನು ಐಬಿಎಂ 704 ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆದು, ಗೆಲ್ಲುವ ದಾರಿಯನ್ನು 1962ರಲ್ಲಿ ಪುಸ್ತಕವಾಗಿಯೇ ಬರೆದುಬಿಟ್ಟನು. ಬಿದ್ದ ಎಲೆಗಳನ್ನು ಗಮನಿಸುತ್ತಿದ್ದರೆ ಕಟ್ಟಿನಲ್ಲಿ ಉಳಿದಿರುವ ಎಲೆಗಳು ಎಂಥವೆಂಬ ಅಂದಾಜು ಸಿಗುತ್ತದೆ. ಎಕ್ಕಗಳೂ ಹತ್ತರ ಬೆಲೆಯ ಎಲೆಗಳೂ ಹೆಚ್ಚಾಗಿ ಉಳಿದಿರುವಾಗ ಪಣ ಏರಿಸಬೇಕು, ಇಲ್ಲದಿದ್ದಾಗ ಇಳಿಸಬೇಕು. ಅವನಿಗೆ ಕ್ಯಾಸಿನೊದವರು ಬಂಗಾರದ ಕಾರ್ಡು ಕೊಟ್ಟರೆಂದುಕೊಂಡೆಯಾ? ಬಾಗಿಲು ತೋರಿಸಿದರು. ಆಮೇಲೆ ಅವನು ವೇಷ ಮರೆಸಿಕೊಂಡು ಆಡಬೇಕಾಯಿತು. ಆ ಕ್ಷೇತ್ರದಲ್ಲಿ ವಿದ್ಯೆಗೆ ಇರುವ ಪದವಿ ಒಂದೇ, ಕುತ್ತಿಗೆ ಹಿಡಿದು ಹೊರಗೆ ದಬ್ಬಿಸಿಕೊಳ್ಳುವುದು. ನಿನಗೆ ಕುರ್ಚಿ ಎಳೆದುಕೊಡುತ್ತಾರೆಂದರೆ ನೀನು ಇನ್ನೂ ಒಂದನೆಯ ತರಗತಿಯಲ್ಲಿದ್ದೀಯೆ."

"ಹಾಗೆ ಹೊರಗೆ ಹಾಕುವುದು ನ್ಯಾಯವೇ?" ಎಂದು ವಿಶಾಲಕ್ಕ ಕೇಳಿದರು.

"ಲಾಸ್ ವೇಗಸ್ ಇರುವ ನೆವಾಡದಲ್ಲಿ ನಡೆಯುತ್ತದೆ. ನ್ಯೂಜೆರ್ಸಿಯಲ್ಲಿ ಒಬ್ಬನು ಕೋರ್ಟಿಗೆ ಹೋಗಿ, ಎಲೆ ಎಣಿಸುತ್ತಾನೆಂಬ ಕಾರಣಕ್ಕೆ ಯಾರನ್ನೂ ಕ್ಯಾಸಿನೊದವರು ತಾವಾಗಿ ಹೊರಗೆ ಹಾಕುವಂತಿಲ್ಲವೆಂದು 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಿಂದ ತೀರ್ಪು ತಂದನು. ಕ್ಯಾಸಿನೊದವರೇನು ಕಡಿಮೆಯೇ? ಆರು ಕಟ್ಟು, ಎಂಟು ಕಟ್ಟು ಬೆರೆಸಿ ಆಡಿಸತೊಡಗಿದರು, ಬೇಕೆಂದಾಗ ಎಲೆ ಕಲಸತೊಡಗಿದರು. ಈಗಂತೂ ಬಿದ್ದ ಎಲೆಯನ್ನು ಆಗಿಂದಾಗಲೇ ನುಂಗಿ ಕಲಸುತ್ತಲೇ ಇರುವ ಯಂತ್ರಗಳಿವೆ. ಅದರ ಮುಂದೆ ಕುಳಿತು ಎಣಿಸುವುದು ತಳವಿಲ್ಲದ ಕೊಳಗದಲ್ಲಿ ರಾಗಿ ಅಳೆದಂತೆ."

ಸೀನ ಸೋಲೊಪ್ಪಲಿಲ್ಲ. "ಆದರೂ ನೀವು ನನ್ನ ಮಾತನ್ನೇ ಸಾಧಿಸುತ್ತಿದ್ದೀರಿ. ಎಲೆಯಲ್ಲಿ ಬುದ್ಧಿಗೆ ಜಾಗವಿದೆ, ದಾಳದಲ್ಲಿ ಇಲ್ಲ."

"ಒಪ್ಪುತ್ತೇನೆ. ದಾಳಕ್ಕೆ ನೆನಪಿಲ್ಲ. ಹತ್ತು ಸಲ ಬಿದ್ದ ಗರವೂ ಒಮ್ಮೆಯೂ ಬೀಳದ ಗರವೂ ಹನ್ನೊಂದನೆಯ ಸಲಕ್ಕೆ ಅದಕ್ಕೆ ಒಂದೇ. ಎಲೆಯ ಕಟ್ಟಿಗೆ ನೆನಪಿದೆ, ಏಕೆಂದರೆ ಒಮ್ಮೆ ಹೊರಬಿದ್ದ ಎಕ್ಕ ಮತ್ತೆ ಕಲಸುವವರೆಗೆ ಬರುವಂತಿಲ್ಲ. ಆದರೆ ಕಟ್ಟಿಗೆ ನೆನಪಿದ್ದರೆ ಸಾಲದಪ್ಪಾ, ಆಡುವವನಿಗೂ ಇರಬೇಕು. ನಿನ್ನ ಕೈಯಲ್ಲಿ ಹದಿನಾರು ಆಗಿದೆ, ಕ್ಯಾಸಿನೊ ಪರವಾಗಿ ಎಲೆ ಹಂಚಿ ಆಡುವ ಡೀಲರನ ಮುಂದೆ ಹತ್ತು ಕಾಣಿಸುತ್ತಿದೆ. ಏನು ಮಾಡುತ್ತೀಯೆ?"

"ಸುಮ್ಮನಿರುತ್ತೇನೆ. ಇನ್ನೊಂದು ಎಲೆ ಕೇಳಿದರೆ ಇಪ್ಪತ್ತೊಂದು ದಾಟಿಬಿಡಬಹುದು."

"ಕೇಳಬೇಕು. ಕೇಳಿದರೂ ಸೋಲುವುದೇ ಹೆಚ್ಚು, ಸುಮ್ಮನಿದ್ದರೆ ಅದಕ್ಕಿಂತ ತುಸು ಹೆಚ್ಚು. ಎರಡು ಸೋಲುಗಳಲ್ಲಿ ಚಿಕ್ಕದನ್ನು ಆರಿಸಿಕೊಳ್ಳುವುದೇ ಈ ಆಟದ ವಿದ್ಯೆಯ ಮುಕ್ಕಾಲು ಪಾಲು. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ವಿಡಿಯೋ ಮಾಡುವುದಿಲ್ಲ."

ವಿಡಿಯೋ ಎಂಬ ಮಾತು ಕೇಳಿ ಸೀನ ನೆಟ್ಟಗಾದನು. ಅವನ ಸಕಲ ಶಾಸ್ತ್ರವೂ ಅಲ್ಲಿಂದಲೇ ಬಂದದ್ದು. (ಪಳಗಿದ ಆಟಗಾರರಿಗೆ ಮಾತ್ರ ಎಂಬ ತಲೆಬರಹವನ್ನು ತೆರೆಯುವವರು ಯಾರೂ ಪಳಗಿರುವುದಿಲ್ಲವೆಂಬುದು ಬರೆದವರಿಗೆ ಚೆನ್ನಾಗಿ ಗೊತ್ತು.) "ದಾಳವನ್ನೂ ಹದವಾಗಿ ಹಿಡಿದು, ಬೇಕಾದ ಗರ ಬೀಳುವಂತೆ ಎಸೆಯುವುದನ್ನು ಕಲಿಸುವವರಿದ್ದಾರೆ. ಅದರ ಶುಲ್ಕ ಹೆಚ್ಚೆಂದು ನಾನು ಸೇರಲಿಲ್ಲ" ಎಂದನು.

"ಶಕುನಿಯ ಮನೆಪಾಠವೇ?" ಎಂದರು ನಾಗಪ್ಪನವರು.

"ಶಕುನಿಗೆ ಗೋಡೆ ಅಡ್ಡವಿರಲಿಲ್ಲ" ಎಂದರು ಮೇಷ್ಟ್ರು. "ಕ್ರ್ಯಾಪ್ಸ್ ಎಂಬ ದಾಳದಾಟದ ಮೇಜಿನಲ್ಲಿ ಎಸೆದ ಎರಡು ದಾಳಗಳೂ ಎದುರಿನ ಗೋಡೆಗೆ ಬಡಿಯಬೇಕು, ಆ ಗೋಡೆಯ ತುಂಬ ರಬ್ಬರಿನ ಚೂಪು ಮೊನೆಗಳಿರುತ್ತವೆ. ಅಲ್ಲಿ ಬಡಿದು ಹಾರಿದ ದಾಳ ನಿನ್ನ ಹದವಾದ ಹಿಡಿತವನ್ನು ಎಲ್ಲಿ ಮರೆಯುತ್ತದೆಯೋ ದೇವರಿಗೇ ಗೊತ್ತು. ಅಷ್ಟಾಗಿಯೂ ಶಕುನಿಯನ್ನು ನೆನೆಸಿದ್ದು ಒಳ್ಳೆಯದೇ ಆಯಿತು. ಹಸ್ತಿನಾವತಿಯಲ್ಲಿ ಏನಾಯಿತು ಹೇಳಿ. ಜೂಜಿಗೆಂದೇ ಹೊಸ ಸಭಾಭವನ ಕಟ್ಟಿಸಿದರು, ವಿದುರನಂತಹ ಹಿರಿಯನನ್ನೇ ಕಳುಹಿಸಿ ಕರೆಸಿಕೊಂಡರು, ಬಂದವರಿಗೆ ರಾಜೋಪಚಾರ ಮಾಡಿದರು. ಕುಂತಿಯ ಮಗನಿಗೆ ಜೂಜೆಂದರೆ ಪ್ರೀತಿ, ಆಡಲು ಮಾತ್ರ ಬಾರದು ಎಂದು ಶಕುನಿ ಮೊದಲೇ ಹೇಳಿಟ್ಟಿದ್ದನಲ್ಲ! ಇದಕ್ಕಿಂತ ಚೆನ್ನಾಗಿ ಗಿರಾಕಿಯ ಲಕ್ಷಣ ಹೇಳುವುದು ಸಾಧ್ಯವೇ? ಪಣ ದುರ್ಯೋಧನನದು, ಎಸೆಯುವ ಕೈ ಶಕುನಿಯದು, ಡೀಲರನೆಂದರೆ ಅವನೇ. ಧರ್ಮರಾಯನಿಗೂ ಬಂಗಾರದ ಕಾರ್ಡು ಕೊಟ್ಟಿದ್ದರೆಂದು ನನ್ನ ನಂಬಿಕೆ."

"ನಳ ಗೆದ್ದನಲ್ಲ?" ಎಂದರು ವಿಶಾಲಕ್ಕ.

"ಗೆದ್ದನು, ಕಲಿತ ಮೇಲೆ ಗೆದ್ದನು. ಋತುಪರ್ಣ ರಾಜನು ರಥದಲ್ಲಿ ಹೋಗುತ್ತಲೇ ತಾರೆಮರದ ಎಲೆಯನ್ನೂ ಕಾಯನ್ನೂ ಕಣ್ಣಳತೆಯಲ್ಲಿ ಎಣಿಸಿ ಹೇಳಿದನು. ನಳನು ಮರ ಕಡಿದು ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು. ಆ ಅಕ್ಷಹೃದಯವೆಂಬ ವಿದ್ಯೆಗೆ ಬದಲಾಗಿ ಇವನು ಕುದುರೆಯ ವಿದ್ಯೆಯನ್ನು ಕೊಟ್ಟನು. ವೇದದ ಕಾಲದ ದಾಳ ನಿಮ್ಮ ಆರು ಮುಖದ ದಾಳವಲ್ಲ, ಅದೇ ತಾರೆಕಾಯಿ. ಅಲ್ಲಿ ಎಣಿಕೆಗೆ ಬೆಲೆಯಿತ್ತು. ಥಾರ್ಪನ ವಂಶಕ್ಕೆ ಋತುಪರ್ಣನೇ ಮೂಲಪುರುಷ."

ನಾಗಪ್ಪನವರು ಬಹಳ ಹೊತ್ತಿನಿಂದ ನುಂಗಿಕೊಂಡಿದ್ದ ಸಂದೇಹವನ್ನು ಹೊರಗೆ ಹಾಕಿದರು. "ಉಪಚಾರ ಕಡಿಮೆಯಾದಷ್ಟೂ ವಿದ್ಯೆ ಹೆಚ್ಚೆಂದು ನೀವು ಹೇಳುತ್ತೀರಿ. ನಮ್ಮ ಮನೆಯಲ್ಲಿ ಇತ್ತೀಚೆಗೆ ನನಗೆ ಎರಡನೆಯ ಲೋಟ ಕಾಫಿಯೂ ಸಿಗುತ್ತಿಲ್ಲ. ನಾನು ಸಂಸಾರದಲ್ಲಿ ಪಳಗಿದೆನೆಂದು ಅರ್ಥವೇ?"

"ಸಂಸಾರ ಬೇರೆ. ಅಲ್ಲಿ ಎಣಿಸುವವರು ಎದುರು ಪಕ್ಷದವರು."

"ಗೋವಾದವರ ಗತಿಯೇನು, ಮೇಷ್ಟ್ರೇ?" ಎಂದು ವಿಶಾಲಕ್ಕ ನಕ್ಕರು. "ಅಲ್ಲಿನ ನಿವಾಸಿಗಳು ಆ ಹಡಗುಗಳಲ್ಲಿ ಜೂಜಾಡುವಂತಿಲ್ಲವೆಂದು ಅವರ ಸರ್ಕಾರವೇ ನಿಯಮ ಮಾಡಿದೆಯಲ್ಲ."

"ಇಡೀ ರಾಜ್ಯವನ್ನೇ ಹೊರಗಿಟ್ಟಿದ್ದಾರೆಂದರೆ ಅವರಷ್ಟು ಪಳಗಿದವರು ಭೂಮಿಯ ಮೇಲೆ ಇರಲಾರರು. ನಮ್ಮವರು ಬೆಳಗಾವಿ ದಾಟಿ ಘಟ್ಟ ಇಳಿದು ಹೋಗಿ ಆ ಖಾಲಿ ಕುರ್ಚಿಗಳನ್ನು ತುಂಬುತ್ತಿದ್ದಾರೆ."

ಆಟ ವಿದ್ಯೆಯದೋ ಅದೃಷ್ಟದ್ದೋ ಎಂಬ ಪ್ರಶ್ನೆ ಕೋರ್ಟಿಗೂ ಹೋಗಿದೆಯೆಂದು ಸೀನ ನೆನಪಿಸಿದನು. ನಿಜ, 1967ರಲ್ಲಿ ನಮ್ಮ ಸುಪ್ರೀಂ ಕೋರ್ಟು ಬಿದ್ದ ಎಲೆಗಳನ್ನು ನೆನಪಿಡಬೇಕಾದ್ದರಿಂದ ರಮ್ಮಿಯು ಮುಖ್ಯವಾಗಿ ಕುಶಲತೆಯ ಆಟವೆಂದೂ ಮೂರು ಎಲೆಯ ಆಟ ಬರಿಯ ಅದೃಷ್ಟದ್ದೆಂದೂ ಹೇಳಿತು. ಆ ಒಂದು ಮಾತನ್ನು ಹಿಡಿದುಕೊಂಡು ಮೊಬೈಲಿನ ರಮ್ಮಿಯವರು ವರ್ಷಗಟ್ಟಲೆ ದೇಶದ ಜನರನ್ನೆಲ್ಲಾ ಕುಶಲಿಗಳೆಂದು ಹೊಗಳಿ ಹೊಗಳಿ ಜೇಬು ಹಗುರ ಮಾಡಿದರು. 2025ರಲ್ಲಿ ಸಂಸತ್ತು ಕಾನೂನು ಮಾಡಿ, ಕುಶಲತೆಯಿದ್ದರೂ ಸರಿ ಇಲ್ಲದಿದ್ದರೂ ಸರಿ, ಆನ್‌ಲೈನಿನಲ್ಲಿ ಹಣ ಕಟ್ಟಿ ಆಡುವ ಆಟ ಬೇಡವೆಂದಿತು.

"ರಮ್ಮಿಯ ಕುಶಲಿ ಎಂದರೆ ನಮ್ಮ ತಂದೆ" ಎಂದರು ವಿಶಾಲಕ್ಕ. "ಮಂಡ್ಯದ ಕಡೆ ನಮ್ಮೂರಲ್ಲಿ ಯುಗಾದಿಗೆ ಜಗಲಿಯ ಮೇಲೆ ಇಸ್ಪೀಟು ಕೂಡುತ್ತಿತ್ತು. ಯಾರು ಯಾವ ಎಲೆ ಎಸೆದರು, ಯಾರು ಯಾವುದನ್ನು ಎತ್ತಿಕೊಂಡರು ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಆಟ ಮುಗಿದ ಮೇಲೆ ಪ್ರತಿಯೊಬ್ಬರ ಕೈಯಲ್ಲಿ ಏನಿತ್ತೆಂದು ಹೇಳಿಬಿಡುತ್ತಿದ್ದರು. ಕ್ರಮೇಣ ಯಾರೂ ಅವರನ್ನು ಆಟಕ್ಕೆ ಕರೆಯದಾದರು. ನಮ್ಮಪ್ಪ ಕಂಬಕ್ಕೊರಗಿ ಕುಳಿತು ಬೇರೆಯವರ ಆಟ ನೋಡುತ್ತಿದ್ದರು, ತಪ್ಪು ಎಲೆ ಬಿದ್ದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ವಯಸ್ಸಾಗಿ ಮರೆವು ಹತ್ತಿತಲ್ಲ, ಆಗ ಮತ್ತೆ ಕರೆದರು. ದಿಂಬು ಹಾಕಿ ನಡುವೆ ಕೂರಿಸಿಕೊಂಡು ಆಡಿಸಿದರು. ಜೋಕರು ಯಾವುದೆಂದು ಪ್ರತಿ ಸಲವೂ ಕೇಳುತ್ತಿದ್ದರು, ಸೋಲುತ್ತಿದ್ದರು, ಅಷ್ಟು ಸಂತೋಷವಾಗಿ ಅವರನ್ನು ನಾನು ಯಾವ ಯುಗಾದಿಗೂ ನೋಡಿರಲಿಲ್ಲ."

ಮೇಷ್ಟ್ರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಸೀನ ತನ್ನ ಬಂಗಾರದ ಕಾರ್ಡನ್ನು ಹಿಂದುಮುಂದಾಗಿ ತಿರುಗಿಸುತ್ತಾ ಕುಳಿತನು.

ಕೊನೆಗೆ ಮೌನ ಮುರಿದವರು ನಾಗಪ್ಪನವರೇ. "ಮುಂದಿನ ಸಲ ಸೀನ ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದಿದ್ದಾನೆ. ನೇರವಾಗಿ ಹೇಳಿಬಿಡಿ ಮೇಷ್ಟ್ರೇ, ದಾಳವೋ ಎಲೆಯೋ?"

"ಸಲಕ್ಕೆ 1,000 ರೂಪಾಯಿ ಕಟ್ಟುತ್ತೀರೆಂದಿಟ್ಟುಕೊಳ್ಳಿ. ಬ್ಲ್ಯಾಕ್‌ಜಾಕನ್ನು ಒಂದು ತಪ್ಪೂ ಇಲ್ಲದೆ, ನಿಯಮ ಒಳ್ಳೆಯದಿರುವ ಮೇಜಿನಲ್ಲಿ ಆಡಿದರೆ ಕ್ಯಾಸಿನೊಗೆ ಸರಾಸರಿ 5 ರೂಪಾಯಿ ಹೋಗುತ್ತದೆ. ಇಪ್ಪತ್ತೊಂದು ಎರಡೇ ಎಲೆಗೆ ಬಿದ್ದಾಗ 100ಕ್ಕೆ 150 ಕೊಡಬೇಕಾದವರು 120 ಕೊಟ್ಟರೆ ಆ 5 ರೂಪಾಯಿ ಹತ್ತಿರ ಹತ್ತಿರ 20 ಆಗುತ್ತದೆ, ಮೊದಲು ಅದನ್ನು ವಿಚಾರಿಸಿಕೊಳ್ಳಿ. ಕ್ರ್ಯಾಪ್ಸ್‌ನಲ್ಲಿ ಎಲ್ಲಕ್ಕಿಂತ ಸಾದಾ ಪಣಕ್ಕೆ 14 ರೂಪಾಯಿ. ಆದರೆ ದಾಳದ ಆಟ ನಿಧಾನ. ಗಂಟೆಗೆ ಇದು 30 ಸಲ, ಅದು 70 ಸಲ ಎಂದರೆ, ಇಲ್ಲಿ 420, ಅಲ್ಲಿ 350. ಸೀನ ಹೇಳುವ ಬುದ್ಧಿಗೂ ಅದೃಷ್ಟಕ್ಕೂ ನಡುವಿನ ಅಂತರ ಗಂಟೆಗೆ 70 ರೂಪಾಯಿ, ಒಂದು ಮಸಾಲೆ ದೋಸೆ."

"ದಾಳದಲ್ಲಿ ಪಳಗಿದವನು ಮಾಡುವುದಾದರೂ ಏನು?"

"ಬಣ್ಣದ ಚೌಕಗಳ ಮೇಲೆ ದುಡ್ಡಿಡದೆ ಕೈ ಕಟ್ಟಿ ನಿಲ್ಲುತ್ತಾನೆ. ಮುಂದಿನ ಗರ ಏಳೇ ಬೀಳುತ್ತದೆಂದು ಕಟ್ಟುವ ಪಣವೊಂದಿದೆ, ಅದಕ್ಕೆ ಕ್ಯಾಸಿನೊ ಸರಾಸರಿ ಆರರಲ್ಲಿ ಒಂದು ಪಾಲನ್ನು ನುಂಗುತ್ತದೆ. ಸಾದಾ ಪಣದ ಬೆನ್ನಿಗೆ ಇಡಬಹುದಾದ ಇನ್ನೊಂದು ಪಣವಿದೆ, ಅದರಲ್ಲಿ ಕ್ಯಾಸಿನೊಗೆ ಒಂದು ಕಾಸಿನ ಲಾಭವೂ ಇಲ್ಲ. ಮೇಜಿನ ಬಟ್ಟೆಯ ಮೇಲೆ ಮಿಕ್ಕ ಮುಖ್ಯ ಪಣಗಳಿಗೆಲ್ಲಾ ಜಾಗ ಬರೆದಿರುತ್ತಾರೆ, ಅದೊಂದನ್ನು ಮಾತ್ರ ಬರೆದಿರುವುದಿಲ್ಲ. ಅಚ್ಚು ಹಾಕಿಸುವಾಗ ಮರೆತಿದ್ದಾರೆ, ಪಾಪ."

ನಾಗಪ್ಪನವರು ಎಲ್ಲವನ್ನೂ ತೂಗಿ ನೋಡಿದರು. "ಗೋವಾದ ಹಡಗಿನಲ್ಲಿ ಪ್ರವೇಶದ ಹಣದಲ್ಲೇ ಊಟವೂ ಸೇರಿದೆಯೆಂದು ಸೀನ ಹೇಳುತ್ತಾನೆ, ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದಂತೆ. ದಾಳವೂ ಬೇಡ, ಎಲೆಯೂ ಬೇಡ. ನಾನು ಊಟದ ಮೇಜನ್ನೇ ಹಿಡಿದು ಕೂರುತ್ತೇನೆ."

"ಬೇಡ" ಎಂದರು ವಿಶಾಲಕ್ಕ. "ಆ ಮೇಜಿನಲ್ಲಿ ನಿಮ್ಮನ್ನು ಮೊದಲ ದಿನವೇ ಹೊರಗೆ ಹಾಕುತ್ತಾರೆ."